ತುಕ್ಕು ಹಿಡಿಯದ ಕೊಳವೆ

ಕೈ ಕೆಸರಾದರೆ ಬಾಯಿ ಮುಚ್ಚು. ನೆಲದಡಿಯ ನೀರು ಪರೀಕ್ಷಿಸುವ ಆ ಕಚೇರಿಯಲ್ಲಿ ಗಾದೆ ಹೀಗಿತ್ತು. ನಗಬೇಡಿ, ನಡೆದ ಸಂಗತಿ. ಆ ಮಧ್ಯಾಹ್ನ, ಎಲ್ಲರೂ ಅಕ್ಕ ಎಂದೇ ಕರೆಯುವ ಸರ್ವೆಯವಳು ಮೊಣಕೈವರೆಗೂ ಕೆಸರು ಮೆತ್ತಿಕೊಂಡು ತನ್ನ ವರದಿಯ ಮುಂದೆ ಕೂತಿದ್ದಳು. ಸಹಿಯೊಂದು ಬಾಕಿ.

ಬಯಲಿನಲ್ಲಿ ಸಾಲಾಗಿ ಲೋಹದ ಗೂಟ ನೆಟ್ಟು, ನೆಲಕ್ಕೆ ಕರೆಂಟ್ ಹಾಯಿಸಿ, ಮಣ್ಣು ಅದನ್ನು ಎಷ್ಟು ತಡೆಯುತ್ತದೆಂದು ಅಳೆಯುವುದು ಅವಳ ಕೆಲಸ. ತಡೆ ಕಡಿಮೆಯಿದ್ದರೆ ಅಡಿಯಲ್ಲಿ ಜೇಡಿಮಣ್ಣು. ಅದು ಹೂತ ಕಬ್ಬಿಣವನ್ನು ತಿಂದುಹಾಕುತ್ತದೆ, ಆದರೆ ಕೊಳಚೆಯನ್ನು ಕೆಳಗಿಳಿಯಲು ಬಿಡದೆ ಅಂತರ್ಜಲವನ್ನು ಕಾಯುತ್ತದೆ. ಸಾಲಿನುದ್ದಕ್ಕೂ ತಡೆ ಕಡಿಮೆಯೇ ಬಂದಿತ್ತು. ಪಟ್ಟಣದ ಕಸದ ಗುಂಡಿಯನ್ನು ಅಲ್ಲಿ ಧಾರಾಳವಾಗಿ ತೋಡಬಹುದು ಎಂದಾಯಿತು.

ಕೊನೆಯ ಗೂಟ ಕೀಳುವಾಗ ಮಾತ್ರ ಅಡಿಯಲ್ಲಿ ಠಣ್ ಎಂದಿತು. ಕೆದಕಿದರೆ ಹಳೆಯ ಕಬ್ಬಿಣದ ಕೊಳವೆ, ಗೂಟಗಳ ಸಾಲಿನ ಕೆಳಗೇ ಉದ್ದಕ್ಕೂ ಮಲಗಿತ್ತು. ಕರೆಂಟ್ ಹರಿದದ್ದು ಮಣ್ಣಿನಲ್ಲಲ್ಲ, ಅದರಲ್ಲಿ. ಸುತ್ತ ಜೇಡಿ ಇದ್ದಿದ್ದರೆ ಕೊಳವೆ ಎಂದೋ ಜರಡಿಯಾಗಬೇಕಿತ್ತು. ಇದೋ, ಹೊಸ ಅಳಿಯನಂತೆ ಗಟ್ಟಿಮುಟ್ಟಾಗಿತ್ತು. ಹಾಗಾದರೆ ಕೆಳಗಿರುವುದು ಮರಳು, ಕೊಳಚೆ ನೇರ ಇಳಿಯುತ್ತದೆ. ಏಳು ಬೀದಿಯ ಬಾವಿಗಳಿಗೆ ಅಲ್ಲಿಂದಲೇ ನೀರು.

ಗುಂಡಿಗೆ ನಾಳೆಯೇ ಗುದ್ದಲಿ. ಅಕ್ಕನದು ವರ್ಷ ವರ್ಷದ ಗುತ್ತಿಗೆ ಕೆಲಸ. ಅದನ್ನು ಮುಂದುವರಿಸುವ ಕಾಗದ ಸಾಹೇಬರ ಮೇಜಿನ ಮೇಲೆ ಕಾಯುತ್ತಿತ್ತು.

ಇಂಟರ್‌ಕಾಮ್ ಹೊಡೆದುಕೊಂಡಿತು. ಸಾಹೇಬರ ಗೊರಗೊರ ದನಿ, ಮಾತಿಗೊಂದು ಕೆಮ್ಮು.

“ಏನಮ್ಮಾ, ಸಹಿ ಆಯ್ತಾ?”

“ಇಲ್ಲ ಸರ್. ಕೊಳವೆ ಸಿಕ್ಕಿದೆ. ಸಾಲನ್ನ ಅಡ್ಡಕ್ಕೆ ತಿರುಗಿಸಿ ಮತ್ತೆ ಅಳೀಬೇಕು.”

“ಕೊಳವೆ ನೀನು ನೋಡೇ ಇಲ್ಲ. ಕೆಲಸ ಬೇಕೋ ಬೇಡ್ವೋ?”

ಮೇಜಿನ ಅಂಚು ಹಿಡಿದಳು.

“ಬೇಕು ಸರ್. ಆದ್ರೆ ಆ ನೀರು ಕುಡಿಯೋರ ಮುಖ ನೋಡೋಕೆ ನನ್ನಿಂದಾಗಲ್ಲ. ಸಹಿ ಹಾಕಲ್ಲ.”

ಅತ್ತ ಇಂಟರ್‌ಕಾಮ್ ಕಟ್ ಆಯಿತು. ಆಮೇಲೆ ಪಕ್ಕದ ಉಗ್ರಾಣದ ಬಾಗಿಲು ತೆರೆದು, ಅವಳ ಜೊತೆ ಕೇಬಲ್ ಎಳೆಯುವ ಗಿಳಿರಾಯ ಇಣುಕಿದ. ಯಾರ ದನಿಯನ್ನಾದರೂ ಕದಿಯುವ ಆಸಾಮಿ. ಈಗ ಮುಖ ಸುಣ್ಣದಂತಾಗಿತ್ತು. “ಅಕ್ಕಾ, ಸಾಹೇಬ್ರ ದನೀಲಿ ಮಾತಾಡಿದ್ದು ನಾನೇ. ನೀವೂ ಎಲ್ಲರ ಹಾಗೆ ಆಯ್ತು ಸರ್ ಅಂತೀರಿ ಅನ್ಕೊಂಡಿದ್ದೆ” ಎಂದು ಹಲ್ಲು ಕಿರಿದ.

ಎದುರು ಮೇಜಿನ ಟೈಪಿಸ್ಟ್ ಕಿಸಕ್ಕೆಂದಳು. ಅಕ್ಕ ಇಬ್ಬರಿಗಿಂತ ಜೋರಾಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗುನಗುತ್ತಲೇ “ಇದನ್ನೇ ಅವರಿಗೂ ಹೇಳ್ತೀನಿ” ಎಂದು ರಿಸೀವರ್ ಎತ್ತಿ ನಿಜವಾದ ಸಾಹೇಬರ ಕೋಣೆಯ ನಂಬರ್ ಒತ್ತಿದಳು. ಗಿಳಿರಾಯನ ಹಲ್ಲು ಒಳಗೆ ಹೋದವು. ಕಾರಿಡಾರಿನಾಚೆ ಗಂಟೆ ಹೊಡೆಯತೊಡಗಿತು. ಅಕ್ಕನ ನಗು ಇನ್ನೂ ನಿಂತಿರಲಿಲ್ಲ.