ಎಡೆಗೊಂದು ಮುಖ

ಸಂಜೀವಪ್ಪ ಸತ್ತನೆಂದು ದೊಡ್ಡಬೆಳವಂಗಲದವರೆಲ್ಲ ಒಪ್ಪಿಕೊಂಡ ಮೇಲೂ ಅವನ ತಾಯಿ ದ್ಯಾವಮ್ಮ ಬಹಳ ಕಾಲ ಒಪ್ಪಿರಲಿಲ್ಲ. ಯುದ್ಧ ಮುಗಿದು, ಮಲಯಕ್ಕೆ ಹೋಗಿದ್ದ ಸಿಪಾಯಿಗಳಲ್ಲಿ ಬದುಕಿದವರು ಒಬ್ಬೊಬ್ಬರಾಗಿ ಊರು ಸೇರಿದರು. ಕೊನೆಗೆ ನೆಲಮಂಗಲದ ಕಡೆಯವನೊಬ್ಬ ಮನೆ ಹುಡುಕಿಕೊಂಡು ಬಂದು, ಜಪಾನಿನವರ ಸೆರೆಯಲ್ಲಿ ಜ್ವರ ಹತ್ತಿ ಅವನು ಹೋದನೆಂದೂ, ತಾನೇ ಕೈಯಾರೆ ಮಣ್ಣು ಹಾಕಿದೆನೆಂದೂ ಹೇಳಿದ. ಮುದುಕಿ ಅಂದು ಸೊಸೆಯ ಬಳೆ ಒಡೆಸಿದಳು.

ಸೊಸೆ ಆದಿಲಕ್ಷ್ಮಮ್ಮನಿಗೆ ಆಗಿನ್ನೂ ಇಪ್ಪತ್ತೆರಡು. ಮದುವೆಯಾದ ಮೂರೇ ತಿಂಗಳಿಗೆ ಗಂಡ ದಂಡಿಗೆ ಸೇರಿದ್ದ. ಹಿರಿಯರಿದ್ದ ಮನೆ, ಅವನು ನಡುಮನೆಗೆ ಬಂದರೆ ಇವಳು ಅಡುಗೆಮನೆಗೆ ಸರಿಯಬೇಕಿತ್ತು. ಹಗಲಿನಲ್ಲಿ ಅವನ ಮುಖವನ್ನು ಕಣ್ತುಂಬ ನೋಡಿದ್ದು ಒಂದೇ ಸಲ. ಹೊಲಕ್ಕೆ ಅಂಬಲಿ ಹೊತ್ತೊಯ್ಯುವಾಗ ಎಡವಿ, ಅಷ್ಟೂ ಅಂಬಲಿ ಸೀರೆಯ ಮೇಲೆ ಸುರಿದುಕೊಂಡಿದ್ದಳು. ಅವನು ನೇಗಿಲು ಬಿಟ್ಟು ಓಡಿಬಂದವನು, ಇವಳ ಅವತಾರ ನೋಡಿ ನಕ್ಕುಬಿಟ್ಟಿದ್ದ.

ಪಿತೃಪಕ್ಷ ಹತ್ತಿರ ಬಂತು. ಹೆಣವನ್ನಂತೂ ಕಾಣಲಿಲ್ಲ, ಎಡೆ ಇಡುವುದಕ್ಕಾದರೂ ಮಗನ ಮುಖ ಬೇಕೆಂದು ದ್ಯಾವಮ್ಮ ಹಟ ಹಿಡಿದಳು. ದಂಡಿಗೆ ಸೇರಿದ ಹೊಸದರಲ್ಲಿ ಅವನು ಬೆಂಗಳೂರಿನಲ್ಲಿ ತೆಗೆಸಿ ಕಳಿಸಿದ್ದ ಫೋಟೋ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿತ್ತು. ತೆಗೆದು ನೋಡಿದರೆ ಗೆದ್ದಲು ತಿಂದಿತ್ತು. ಟೋಪಿ, ಕಣ್ಣು, ಮೂಗು ಉಳಿದಿದ್ದವು. ಮೂಗಿನಿಂದ ಕೆಳಗೆ ಎದೆಯವರೆಗೆ ಏನೂ ಇರಲಿಲ್ಲ.

ದ್ಯಾವಮ್ಮನ ತಮ್ಮ ಹನುಮಂತರಾಯಪ್ಪ ಇಬ್ಬರನ್ನೂ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಕರೆದೊಯ್ದ. ಅಲ್ಲಿ ವೆಂಕಟರಾಯಪ್ಪನೆಂಬವನು ಹಳೆಯ ಫೋಟೋಗಳನ್ನು ತಿದ್ದಿ ಬಣ್ಣ ಹಾಕುತ್ತಿದ್ದ. ಯುದ್ಧದಿಂದಾಗಿ ಫೋಟೋ ಕಾಗದವೇ ಸಿಗುತ್ತಿಲ್ಲ, ಹೊಸ ಪ್ರತಿ ತೆಗೆಯಲಾರೆ, ಇದನ್ನೇ ರಟ್ಟಿಗೆ ಅಂಟಿಸಿ ಮೇಲೆ ಬರೆದುಕೊಡುತ್ತೇನೆ ಎಂದ. ಆದರೆ ಇಲ್ಲದ ಭಾಗ ಹೇಗಿತ್ತೆಂದು ಯಾರಾದರೂ ಹೇಳಬೇಕಲ್ಲ.

"ಬಾಯಿ ಯಾರ ಥರ ಇತ್ತು ತಾಯಿ?"

"ಅವನ ಸೋದರಮಾವಂದೇ," ಎಂದು ದ್ಯಾವಮ್ಮ ತಮ್ಮನ ಕಡೆ ಕೈ ತೋರಿಸಿದಳು. "ಇವನ್ನ ನೋಡ್ಕೊಂಡು ಬರೀರಿ."

ಆದಿಲಕ್ಷ್ಮಮ್ಮ ನೆಲ ನೋಡುತ್ತಲೇ ಬಾಯಿಬಿಟ್ಟಳು. "ಮುಂದಿನ ಹಲ್ಲು ಒಂದರ ಮೇಲೊಂದು ಹತ್ಕೊಂಡಿತ್ತು. ಸುಮ್ಕಿದ್ರೂ ತುಟಿ ಪೂರ್ತಿ ಮುಚ್ತಿರ್ಲಿಲ್ಲ."

"ಹೆತ್ತೋಳು ನಾನು. ನನ್ ಮಗನಿಗೆ ಸೊಟ್ಟ ಹಲ್ಲಿರ್ಲಿಲ್ಲ."

ಮೂರು ತಿಂಗಳ ಹೆಂಡತಿ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಹನುಮಂತರಾಯಪ್ಪ ಸ್ಟೂಲಿನ ಮೇಲೆ ಬಾಯಿ ಬಿಗಿದು ಕುಳಿತ. ವೆಂಕಟರಾಯಪ್ಪ ಅವನನ್ನು ನೋಡಿ ನೋಡಿ ಬರೆದುಕೊಂಡ.

ಪಟ ಬಂದಾಗ ನೆರೆಹೊರೆಯವರು ಎದ್ದು ಬಂದಂತಿದ್ದಾನೆ ಎಂದರು. ದ್ಯಾವಮ್ಮ ಅತ್ತಳು. ಎಡೆಯ ಮುಂದೆ ಆದಿಲಕ್ಷ್ಮಮ್ಮ ತಲೆಯೆತ್ತಿ ನೋಡಿದರೆ ಕಣ್ಣು ಗಂಡನದು, ಅದರ ಕೆಳಗೆ ಸೋದರಮಾವನ ಬಿಗಿದ ತುಟಿ. ಯಾರಿಗೆ ಕೈ ಮುಗಿಯುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ಆದರೂ ಮುಗಿದಳು.

ಅದಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ದಿನವೂ ಆ ಪಟದ ಕೆಳಗೇ ಓಡಾಡಬೇಕು. ಬರುಬರುತ್ತಾ ಹೊಲದ ಬದುವಿನ ಮೇಲೆ ನಿಂತು ನಗುತ್ತಿದ್ದವನನ್ನು ನೆನೆಸಿಕೊಂಡರೂ ಅವನ ಮುಖದಲ್ಲಿ ಆ ಮುಚ್ಚಿದ ಬಾಯಿಯೇ ಬಂದು ಕೂರತೊಡಗಿತು.

ಒಂದು ದಿನ ಸಂತೆಯ ನೆಪ ಹೇಳಿ ಒಬ್ಬಳೇ ದೊಡ್ಡಬಳ್ಳಾಪುರಕ್ಕೆ ಹೋದಳು. ಪಟ ತಂದುಕೊಡುತ್ತೇನೆ, ಮೇಲಿನ ಬಣ್ಣ ಕೆರೆದು ಮೊದಲಿದ್ದ ಹಾಗೆ ಮಾಡಿಕೊಡಿ, ಅರ್ಧ ಮುಖವೇ ಸಾಕು ಎಂದು ಬೇಡಿಕೊಂಡಳು. ಬಣ್ಣದ ಜೊತೆ ಕಾಗದವೂ ಕಿತ್ತು ಬರುತ್ತದೆ, ಇದ್ದ ಕಣ್ಣೂ ಹೋಗುತ್ತದೆ ಎಂದ ವೆಂಕಟರಾಯಪ್ಪ. ಅವಳು ಹೊರಡದೆ ನಿಂತೇ ಇದ್ದುದನ್ನು ಕಂಡು ಒಂದು ಚೂರು ಕಾಗದ ಎಳೆದುಕೊಂಡ.

"ನೀವು ಅವತ್ತು ಹಲ್ಲು ಅಂದ್ರಲ್ಲ, ಅದನ್ನಾದ್ರೂ ಬರೆದು ನೋಡಾಣ. ಯಾವ ಹಲ್ಲು, ಎಡಗಡೇದಾ ಬಲಗಡೇದಾ?"

ಆದಿಲಕ್ಷ್ಮಮ್ಮ ಹೇಳಲು ಬಾಯಿ ತೆರೆದಳು. ಗೊತ್ತಾಗಲಿಲ್ಲ. ಎಡಗಡೆ ಅಂದುಕೊಂಡರೆ ಹಾಗೆ ಕಂಡಿತು, ಬಲಗಡೆ ಅಂದುಕೊಂಡರೆ ಹಾಗೆಯೂ ಕಂಡಿತು. ಆಮೇಲೆ ಯಾವುದೂ ಕಾಣಲಿಲ್ಲ. ಅವನು ಸೀಸದಕಡ್ಡಿ ಹಿಡಿದು ಕಾಯುತ್ತಿದ್ದ. ಅವಳು ಅಂಗಡಿಯ ಮೆಟ್ಟಿಲಿಳಿದು ಬಂದಳು.

ಮನೆಗೆ ಬಂದವಳ ಕೈಯಲ್ಲಿ ಸಂತೆಯ ಸಾಮಾನಿರಲಿಲ್ಲ. ಅತ್ತೆ ಕೇಳಿದ್ದಕ್ಕೆ ನಡೆದದ್ದನ್ನು ಹೇಳಿದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದಳು. ದ್ಯಾವಮ್ಮ ಮೊರದಲ್ಲಿದ್ದ ಹುರುಳಿಯಿಂದ ಕಲ್ಲು ಆರಿಸುತ್ತಲೇ ಇದ್ದಳು.

"ಅವನ ಬಾಯಿ ಹೆಂಗಿತ್ತೋ ನಂಗೂ ನೆಪ್ಪಿರ್ಲಿಲ್ಲ ಕಣಮ್ಮ," ಎಂದಳು ಕೊನೆಗೆ. "ಪಟ ಬರೆಯೋನು ಕೇಳ್ದ. ಹೆತ್ತ ತಾಯಿ ಗೊತ್ತಿಲ್ಲ ಅಂತ ಹೆಂಗ್ ಹೇಳ್ಲಿ? ಎದುರಿಗೆ ತಮ್ಮ ಕಾಣಿಸ್ದ, ಅಂದ್ಬಿಟ್ಟೆ."

ಸೊಸೆ ಪಕ್ಕದಲ್ಲಿ ಕುಳಿತು ಅದೇ ಮೊರಕ್ಕೆ ಕೈ ಹಾಕಿದಳು.

ಮುಂದಿನ ವರ್ಷ ಎಡೆಗೆಂದು ಪಟ ಒರೆಸಿ ಹೂ ಹಾಕಿದವಳು ಆದಿಲಕ್ಷ್ಮಮ್ಮನೇ. ಊರಿಗೆ ಹೊಸದಾಗಿ ಬಂದಿದ್ದ ಹೆಣ್ಣುಮಗಳೊಬ್ಬಳು, ನಿಮ್ಮ ಯಜಮಾನರು ಹೀಗೇ ಇದ್ದರಾ ಎಂದು ಕೇಳಿದಳು. ಹೂಂ, ಹೀಗೇ ಇದ್ದರು ಎಂದಳು ಅವಳು. ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲೂ ಇಲ್ಲ.