ನಾಲ್ಕನೆಯ ಹಾಡು

ಮುಂದಿನ ಸೀಟಿನಿಂದ ಏಳಲಿಲ್ಲವೆಂದು ಅನಿಲ್ ಕುಮಾರನನ್ನು ಬಸ್ಸಿನಿಂದ ಎಳೆದು ಹೊಡೆದರು. ಹೊಡೆಯುವಾಗ ಬಸ್ಸಿನ ಸ್ಪೀಕರಿನಲ್ಲಿ ಅದೇ ಬಸ್ಸಿನಲ್ಲಿದ್ದ ಮೇಷ್ಟ್ರು ಪ್ರಭುದೇವ ಬರೆದು ಹಾಡಿದ ಜೋಗುಳ ಬರುತ್ತಿತ್ತು.

"ಟಿಕೆಟ್ ತಗಂಡಿವ್ನಿ ಕಣಣ್ಣ," ಎಂದಿದ್ದ ಹುಡುಗ.

"ನಿಮ್ ಕೇರಿ ಬಸ್ಸೇನ್ಲಾ ಇದು?"

ಆಮೇಲೆ ಮೊಣಕಾಲಿಗೆ ರಾಡು ಬಿದ್ದ ಸದ್ದು. ಹಾಡು.

ಮೂರನೆಯ ಸೀಟಿನಲ್ಲಿ ಪ್ರಭುದೇವ ಮಗಳು ಯಶಸ್ವಿನಿಯ ಕಣ್ಣು ಮುಚ್ಚಿ ಹಿಡಿದು ಕೂತಿದ್ದ. ಆಗ ಅವನಿಗೆ ಹೊಳೆದದ್ದು ಒಂದೇ: ಎರಡನೆಯ ಚರಣದಲ್ಲಿ ತಾಳ ಸ್ವಲ್ಪ ಎಳೆಯುತ್ತಿದೆ.

ಇದಾಗಿ ನಾಲ್ಕು ದಿನ.

ಹೆಸರಿಲ್ಲದವನ ಹಾಡನ್ನು ಯಾರೂ ಹುಡುಕಿ ಕೇಳುವುದಿಲ್ಲ. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ಪ್ರಭುದೇವ ಅದಕ್ಕೇ ಪ್ಲೇಲಿಸ್ಟ್ ಮಾಡಿದ್ದ. ಮೂರು ಸಿನಿಮಾ ಹಾಡು, ನಾಲ್ಕನೆಯದು ತನ್ನದು. ಕೊರಟಗೆರೆ–ಮಧುಗಿರಿ ಬಸ್ಸಿನ ಡ್ರೈವರುಗಳಿಗೆಲ್ಲ ಕಳಿಸಿದ್ದ. ಮುನ್ನೂರು ಜನ ಕೇಳಿದ್ದರು.

ಈಗ ನಲವತ್ತು ಸಾವಿರ. ಹೊಡೆದವರ ಕಡೆಯವನೇ ತೆಗೆದು ಹರಿಬಿಟ್ಟ ವೀಡಿಯೊದಲ್ಲಿ 'ಮಲಗು ಮಣ್ಣಿನ ಮಗುವೇ' ಎಂಬ ಸಾಲಿಗೆ ಸರಿಯಾಗಿ ಹುಡುಗ ನೆಲಕ್ಕೆ ಬೀಳುತ್ತಾನೆ. 'ಮಲಗಿಸ್ಬುಟ್ರು' ಅಂತ ಯಾರೋ ಹೊಸ ಪ್ಲೇಲಿಸ್ಟ್ ಮಾಡಿದ್ದಾರೆ. ಅದರಲ್ಲಿ ಅವನ ಹಾಡೇ ಮೊದಲನೆಯದು. ಥೂ ಎಂದುಕೊಂಡ. ಎಷ್ಟು ಜನ ಕೇಳಿದರೆಂದು ನೋಡಿದ. ಮತ್ತೆ ಥೂ ಎಂದುಕೊಂಡ.

ಬೆಳಿಗ್ಗೆ ಅನಿಲನ ಅಕ್ಕ ಆಶಾರಾಣಿ ಬಂದಳು. ಅವನ ಹಳೆಯ ವಿದ್ಯಾರ್ಥಿನಿ. ಅವಳು ಚಪ್ಪಲಿ ಬಿಡಲಿಲ್ಲ. ಅವನು ಒಳಗೆ ಕರೆಯಲಿಲ್ಲ.

"ವೀಡಿಯೊದಾಗೆ ಅವ್ರ ಮುಖ ಇಲ್ಲ ಸಾರ್, ಬರೀ ಕಾಲು. ನೀವು ಅಲ್ಲೇ ಇದ್ರಿ. ಸ್ಟೇಷನ್‌ಗೆ ಬಂದು ಹೇಳಿ."

"ಸರಿಯಾಗಿ ಕಾಣಲಿಲ್ಲಮ್ಮ."

"ಹಾಡಾದ್ರೂ ತೆಗೀರಿ. ಆಸ್ಪತ್ರೆ ವಾರ್ಡಲ್ಲಿ ಯಾರ ಫೋನಾಗೆ ಅದು ಬಂದ್ರೂ ನಮ್ಮುಡ್ಗ ಮಂಚದ ಕೆಳಿಕ್ಕೆ ತೆವುಳ್ತಾನೆ."

"ಅದು ಈಗ ನನ್ನ ಕೈಲಿಲ್ಲ."

"ನಿಮ್ ಹಾಡು ನಿಮ್ ಕೈಲಿಲ್ವಾ? ಹೊಡೆದೋರ್ ಕೈಲೈತಾ?" ಅವಳ ಕಣ್ಣು ಒಳಗಿದ್ದ ಯಶಸ್ವಿನಿಯ ಕಡೆ ಹೋಯಿತು. "ಪಾಪೂನೂ ಇತ್ತಲ್ಲ ಬಸ್ಸಲ್ಲಿ?"

"ಕಣ್ಣು ಮುಚ್ಚಿದ್ದೆ."

"ಹಂಗಾದ್ರೆ ಮುಚ್ಚೋವಂಥದ್ದು ನಿಮ್ಗೆ ಕಂಡೈತೆ."

ಅವನು ಬಾಗಿಲು ಹಾಕಿದ.

ಹಾಡು ಕೊಳೆಯಾಗಿದೆ, ತೊಳೆಯಬೇಕು. ಮಗುವಿನ ದನಿಯಲ್ಲಿ ಇನ್ನೊಮ್ಮೆ ಹಾಕಿದರೆ ಅದು ಜೋಗುಳವೆಂದು ಎಲ್ಲರಿಗೂ ತಿಳಿಯುತ್ತದೆ. ಹೊಸದಾಗಿ ಕೇಳಲು ಬಂದವರೂ ಉಳಿಯುತ್ತಾರೆ. ಅವನು ಮಗಳನ್ನು ಎದುರಿಗೆ ಕೂರಿಸಿ, ಫೋನನ್ನು ಮೇಜಿನ ಮೇಲೆ ಒರಗಿಸಿ ರೆಕಾರ್ಡ್ ಒತ್ತಿದ.

"ಹಾಡು ಪುಟ್ಟಿ."

"ಊಹೂಂ."

"ಎರಡೇ ಸಾಲು. ನಿನಗೇ ಬರೆದದ್ದಲ್ವಾ? ಮರೆತುಹೋಯ್ತಾ?"

"ಬರುತ್ತೆ. ಹಾಡಲ್ಲ."

ಅವಳು ತುಟಿ ಬಿಗಿದಳು. ಅವನ ಬೆರಳುಗಳು ಅವಳ ದವಡೆಯ ಎರಡೂ ಸಂದು ಹುಡುಕಿದವು. ಕರುವಿಗೆ ಔಷಧಿ ಕುಡಿಸುವವರು ಒತ್ತುವ ಹಾಗೆ ಒತ್ತಿದವು. ಬಾಯಿ ತೆರೆಯಿತು. ಕೆಂಪು ಗುಹೆ, ಹಾಲುಹಲ್ಲು ಬಿದ್ದ ಎರಡು ಜಾಗ.

ಪರದೆಯ ಮೇಲೆ ದನಿಯ ಗೆರೆ ಅಲುಗದೆ ಮಲಗಿತ್ತು.

"ಹಾಡೇ!"

ಅವನನ್ನೇ ನೋಡುತ್ತ, ತೆರೆದ ಬಾಯಲ್ಲೇ, ಅವನ ಹಿಡಿತದೊಳಗೇ ಅವಳು ತಲೆಯನ್ನು ಅತ್ತ ತಿರುಗಿಸಿದಳು. ಇತ್ತ ತಿರುಗಿಸಿದಳು.