ಮಹಾನಂದಾ ಕೊಟ್ಟ ಡಬ್ಬಿ

ಮೂತ್ರದ ವಿಷಯ ಹಿಡಿದು ಕತೆ ಹೇಳಲು ಹೊರಟಿದ್ದೇನೆ, ಓದುವವರು ಕ್ಷಮಿಸಬೇಕು. ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ತಿಳಿದದ್ದು ಕಡಿಮೆ, ತಿಳಿದದ್ದರಲ್ಲೂ ಎಷ್ಟು ಸರಿ ಎಂಬ ಅನುಮಾನ ಬಿಡದು.

ಕಲಘಟಗಿಯಲ್ಲಿ ಒಂದು ಸಂಶೋಧನೆಯವರು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ನನ್ನ ಕೆಲಸ. ಔಷಧಿ ಹೊಡೆಯುವ ಹೊಲಗಳಲ್ಲಿ ದುಡಿಯುವ ಹೆಂಗಸರ ಬೆಳಗಿನ ಮೂತ್ರವನ್ನು ನಾವು ಕೊಟ್ಟ ಡಬ್ಬಿಗಳಲ್ಲಿ ತುಂಬಿಸಿಕೊಂಡು, ಹಳ್ಳಿಗಳಿಂದ ಐಸಿನ ಪೆಟ್ಟಿಗೆಯಲ್ಲಿ ತರುತ್ತೇನೆ. ಮೊದಲು ಬಣ್ಣದ ಚೌಕಗಳಿರುವ ಪರೀಕ್ಷೆಯ ಪಟ್ಟಿ ಅದ್ದಿ ನೋಡುತ್ತೇನೆ; ಸಕ್ಕರೆ ಇದ್ದರೆ ಅದರ ಚೌಕ ಕಂದಾಗುತ್ತದೆ. ಆಮೇಲೆ ಯಂತ್ರದಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಸಣ್ಣ ನಳಿಕೆಗಳಿಗೆ ಹಂಚಿ ಫ್ರೀಜರಿನಲ್ಲಿಡುತ್ತೇನೆ. ಅವು ದೊಡ್ಡ ಲ್ಯಾಬಿಗೆ ಹೋಗುತ್ತವೆ. ಮೈ ತಿಂದದ್ದು, ಉಸಿರಾಡಿದ್ದು, ಕರಗಿಸಿದ್ದು ಎಲ್ಲದರ ಗುರುತೂ ಅಲ್ಲಿ ಒಟ್ಟಿಗೆ ಸಿಗುತ್ತದಂತೆ. ನಳಿಕೆಯ ಮೇಲೆ ನಂಬರು ಮಾತ್ರ, ಹೆಸರು ನನ್ನ ವಹಿಯಲ್ಲಷ್ಟೇ. ಫ್ರೀಜರಿನ ಗುಂಯ್ ಸದ್ದು ಬಿಟ್ಟರೆ ಕೋಣೆಯಲ್ಲಿ ಮಾತಿಲ್ಲ. ಕೆಲವೊಮ್ಮೆ ಯಾರದಾದರೂ ದನಿ ಕೇಳಲೆಂದು ನಾನೇ ನಂಬರುಗಳನ್ನು ಜೋರಾಗಿ ಓದುತ್ತೇನೆ.

ಬಮ್ಮಿಗಟ್ಟಿಯ ಮಹಾನಂದಾ ಒಬ್ಬಳೇ ನನ್ನನ್ನು ಒಳಗೆ ಕರೆದು ಚಹಾ ಕೊಡುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಕೂಲಿ ಮಾಡಿಕೊಂಡು ಒಂಟಿಯಾಗಿದ್ದಳು. ಒಂದು ದಿನ ಅವಳ ಮೂತ್ರಕ್ಕೆ ಅದ್ದಿದ ಪಟ್ಟಿಯಲ್ಲಿ ಸಕ್ಕರೆಯ ಚೌಕ ಕಡುಕಂದಾಯಿತು. ಮರುದಿನವೇ ಹೋದೆ.

"ಅಕ್ಕಾ, ನಿಮಗ ಶುಗರ್ ಐತೇನ್ರಿ?"

ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಶುಗರ್ ಏನ್ ಬಂದೈತಿಬೇ! ನಾನಽ ಚಿಟಿಕಿ ಸಕ್ಕರಿ ಹಾಕಿದ್ನಿ."

"ಡಬ್ಬ್ಯಾಗ? ಯಾಕ್ರಿ?"

"ಮಂದಿ ಡಬ್ಬಿ ಖಾಲಿ ಕೊಡಬಾರದು. ಬರೇ ಅದನ್ನ ತುಂಬಿ ಕೊಟ್ರ ಖಾಲಿ ಕೊಟ್ಟಂಗಽ ಅಲ್ಲೇನು? ಇಷ್ಟು ಓದೀದಿ, ಅಷ್ಟೂ ತಿಳಿಯಂಗಿಲ್ಲೇನ ನಿನಗ?"

ನೆರೆಯವರ ಪಾತ್ರೆ ಮರಳಿಸುವಾಗ ನಮ್ಮ ಅವ್ವನೂ ಏನಾದರೂ ಹಾಕಿಯೇ ಕೊಡುತ್ತಿದ್ದಳು.

ಕೋಣೆಗೆ ಬಂದು ನಮ್ಮ ಮೇಲಿನ ಪ್ರಭು ಸರ್‌ಗೆ ಫೋನ್ ಮಾಡಿದೆ.

"ಆ ಸ್ಯಾಂಪಲ್ ಕೆಟ್ಟಂಗಽ, ತಗದುಬಿಡ್ರಿ," ಎಂದರು. ಆಮೇಲೆ, "ಆದ್ರ ಆ ಪಟ್ಟಿ ಹಿಡಿಯೂದು ಗ್ಲುಕೋಸ್, ಅಂದ್ರ ಮೈಯಾಗಿನ ಸಕ್ಕರಿ, ಅಷ್ಟಽರಿ. ಚಾದ ಸಕ್ಕರಿಗೆ ಬಣ್ಣ ತಿರುಗಬಾರದು. ನೀರಿಗೆ ಸಕ್ಕರಿ ಹಾಕಿ ಅದ್ದಿ ನೋಡ್ರಿ," ಎಂದರು.

ಅದ್ದಿದೆ. ಬಣ್ಣ ತಿರುಗಲಿಲ್ಲ. ಸಕ್ಕರೆ ಹೆಚ್ಚಿಸಿದೆ, ಆಗಲೂ ಇಲ್ಲ. ಪಟ್ಟಿ ಹಳೆಯದೇನೋ ಎಂದು ತಾರೀಕು ನೋಡಿದೆ, ಕೈಗವಸು ಬದಲಿಸಿದೆ. ಅವಳ ಡಬ್ಬಿಯಲ್ಲಿ ಉಳಿದಿದ್ದ ಮೂತ್ರಕ್ಕೆ ಹೊಸ ಪಟ್ಟಿ ಅದ್ದಿದೆ. ಮತ್ತೆ ಕಡುಕಂದು. ಅದು ಅವಳ ಮೈಯಿಂದಲೇ ಬಂದದ್ದು.

ಮತ್ತೆ ಬಮ್ಮಿಗಟ್ಟಿಗೆ ಹೋದೆ.

"ರಕ್ತ ತೋರಿಸಬೇಕ್ರಿ ಅಕ್ಕಾ. ಅದು ನೀವು ಹಾಕಿದ ಸಕ್ಕರಿ ಅಲ್ಲ."

"ನನ್ನ ಕೈಯಾರೆ ಹಾಕೀನಿ ಅಂತೀನಿ, ಅಲ್ಲ ಅಂತಾಳ ನೋಡು!"

"ಮೈಯಾಗಿನ ಸಕ್ಕರಿ ಬ್ಯಾರೆ ಇರತೈತ್ರಿ."

"ಸಕ್ಕರಿಗೂ ಜಾತಿ ಮಾಡೀರೇನು ನೀವು?" ಎಂದು ಚಹಾ ಮುಂದಿಟ್ಟಳು. ನಾನು ನಗಲಿಲ್ಲ. ಅವಳು ಒಲೆಯ ಕಡೆ ನೋಡುತ್ತ ಹೇಳಿದಳು: "ಬಾಯಿ ಭಾಳ ಒಣಗತೈತಿ. ರಾತ್ರಿ ಹೊರಗ ಹೋಗಾಕ ಮತ್ತ ಮತ್ತ ಏಳ್ತಿರ್ತೀನಿ. ಯಾರಿಗೆ ಹೇಳ್ಲಿ?"

"ನಾನಽ ಕರಕೊಂಡ್ ಹೋಗ್ತೀನ್ರಿ, ಈಗಽ ಹೋಗೂಣು."

"ಇವತ್ತು ಕೂಲಿ ಐತಿ. ಸಂತಿ ದಿನ ಬರ್ತೀನಿ. ಕಲಘಟಗಿ ಆಸ್ಪತ್ರಿ ಮುಂದ ನಿಂದ್ರು."

ಸಂತೆಯ ದಿನ ನಿಂತೆ. ಬಸ್ಸು ಬಂದಾಗಲೆಲ್ಲ ಇಳಿಯುವವರ ಮುಖ ನೋಡಿದೆ. ಅವಳು ಬರಲಿಲ್ಲ. ಮರುದಿನ ಹೋದರೆ ಮನೆಗೆ ಬೀಗ.

ಬಾಜು ಮನೆಯ ದುರ್ಗವ್ವ, "ಉಳ್ಳಾಗಡ್ಡಿ ಕೀಳಾಕ ನವಲಗುಂದ ಕಡೆ ಹೋದ್ಲು, ಕೂಲಿ ಮಂದಿ ಕೂಡ," ಎಂದಳು.

"ಯಾವ ಊರ್ರಿ? ಫೋನ್ ಐತೇನ್ರಿ ಅವರ ಕಡೆ?"

"ಆಕಿಗೆಲ್ಲಿ ಫೋನಬೇ. ಊರು ನನಗೇನು ಗೊತ್ತು. ಗಾಡಿ ಬಂತು, ಹತ್ತಿದ್ಲು."

ನವಲಗುಂದದ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ಆ ಹೆಸರಿನವಳು ಬಂದದ್ದು ಅಲ್ಲಿ ಯಾರಿಗೂ ನೆನಪಿಲ್ಲ. ಆಮೇಲೆ ಮತ್ತೆರಡು ಸಲ ಬಮ್ಮಿಗಟ್ಟಿಗೆ ಹೋಗಿ ಬಂದೆ. ಬೀಗ ಹಾಗೆಯೇ ಇತ್ತು. ಅವಳು ಎಲ್ಲಾದರೂ ರಕ್ತ ತೋರಿಸಿದಳೋ, ನನ್ನ ಮಾತು ನಂಬಿದಳೋ, ನನ್ನನ್ನು ಸಾಗಹಾಕಲೆಂದೇ ಬರುತ್ತೇನೆ ಅಂದಿದ್ದಳೋ, ನನಗೆ ಗೊತ್ತಿಲ್ಲ.